ಹಾಸನ, ಚಿಕ್ಕಮಗಳೂರಿನಿಂದ ವಿದೇಶದ ವಿಮಾನಯಾನ ಪದವಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪಿಯುಸಿ ಓದುತ್ತಿರುವ ಮಗನೋ ಮಗಳೋ "ಪೈಲಟ್ ಆಗ್ತೀನಿ, ಫಾರಿನ್‌ನಲ್ಲಿ ಡಿಗ್ರಿ ಮಾಡ್ತೀನಿ" ಅಂದರೆ ನಮ್ಮ ಕಡೆ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ "ಎಷ್ಟಾಗುತ್ತೆ?" ಅನ್ನೋದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೂ ಮೊದಲು ಇನ್ನೊಂದು ಕೇಳಬೇಕು: ಓದು ಮುಗಿದ ಮೇಲೆ ಯಾವ ದೇಶದಲ್ಲಿ ವಿಮಾನ ಹಾರಿಸೋದು? ಇದಕ್ಕೆ ಉತ್ತರ ಗೊತ್ತಿಲ್ಲದೆ ಕಾಲೇಜು ಹುಡುಕಲು ಹೊರಟರೆ ಲಕ್ಷಗಟ್ಟಲೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ.

ಕಾರಣ ಇಷ್ಟೇ. ಪದವಿ ಕೊಡುವುದು ವಿಶ್ವವಿದ್ಯಾಲಯ. ವಿಮಾನ ಹಾರಿಸಲು ಬೇಕಾದ ಲೈಸೆನ್ಸ್ ಕೊಡುವುದು ಆ ದೇಶದ ವಿಮಾನಯಾನ ಇಲಾಖೆ. ಅಮೆರಿಕದಲ್ಲಿ ಎಫ್‌ಎಎ, ಆಸ್ಟ್ರೇಲಿಯಾದಲ್ಲಿ ಕಾಸಾ, ನಮ್ಮಲ್ಲಿ ಡಿಜಿಸಿಎ. ಅಮೆರಿಕದ ಪದವಿಯನ್ನು ಯಾವ ದೇಶದಲ್ಲಾದರೂ ತೋರಿಸಬಹುದು. ಅಮೆರಿಕದ ಲೈಸೆನ್ಸ್ ಹಿಡಿದು ಇಲ್ಲಿ ಇಂಡಿಗೋ, ಏರ್ ಇಂಡಿಯಾ ವಿಮಾನ ಹಾರಿಸಲು ಆಗಲ್ಲ. ಅದನ್ನು ಡಿಜಿಸಿಎ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು. ಈ ಇಡೀ ಲೇಖನವನ್ನು ಆ ಬದಲಾವಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಬರೆದಿದ್ದೇನೆ. ನಮ್ಮ ಮಕ್ಕಳಲ್ಲಿ ಬಹಳ ಜನ ಕೊನೆಗೆ ವಾಪಸ್ ಬಂದು ಇಲ್ಲಿಯೇ ಹಾರಿಸುವವರು. ಅಮೆರಿಕದ ಏರ್‌ಲೈನ್‌ಗಳಿಗೆ ಸೇರಲು ಅಲ್ಲಿ ಕಾಯಂ ಕೆಲಸ ಮಾಡುವ ಹಕ್ಕು ಬೇಕು, ಅದು ವಿದ್ಯಾರ್ಥಿ ವೀಸಾದಿಂದ ಬರುವುದಿಲ್ಲ.

ಮೊದಲ ಹೆಜ್ಜೆ: ಯಾವ ಪದವಿ ಅಂತ ತೀರ್ಮಾನಿಸಿ

"ಏವಿಯೇಷನ್ ಡಿಗ್ರಿ" ಅಂದ ತಕ್ಷಣ ಎಲ್ಲರೂ ಪೈಲಟ್ ಅಂದುಕೊಳ್ಳುತ್ತಾರೆ. ಅದೇ ಹೆಸರಿನ ಕೆಳಗೆ ಬೇರೆ ಬೇರೆ ಓದುಗಳಿವೆ. ಹಾರಾಟದ ತರಬೇತಿ ಸೇರಿರುವ ಪದವಿ ಒಂದು. ವಿಮಾನಯಾನ ನಿರ್ವಹಣೆ, ಅಂದರೆ ಏವಿಯೇಷನ್ ಮ್ಯಾನೇಜ್‌ಮೆಂಟ್ ಇನ್ನೊಂದು. ವಿಮಾನದ ರಿಪೇರಿ ಮತ್ತು ನಿರ್ವಹಣೆಯ ಓದು ಮತ್ತೊಂದು. ಏರೋಸ್ಪೇಸ್ ಎಂಜಿನಿಯರಿಂಗ್ ಇದ್ಯಾವುದೂ ಅಲ್ಲ, ಅದು ವಿಮಾನವನ್ನು ವಿನ್ಯಾಸ ಮಾಡುವವರ ಓದು.

ಮ್ಯಾನೇಜ್‌ಮೆಂಟ್ ಪದವಿಯನ್ನು ಕಡಿಮೆ ಅಂತ ನೋಡಬೇಡಿ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದರು. ಅವರ ಹೆಸರಿನ ಹಿಂದಿರುವ ಕ್ಯಾಪ್ಟನ್ ಪಟ್ಟ ಸೇನೆಯದ್ದು. ಏರ್‌ಲೈನ್ ನಡೆಸುವುದು, ವಿಮಾನ ನಿಲ್ದಾಣ ನಡೆಸುವುದು ದೊಡ್ಡ ಕೆಲಸಗಳೇ. ಈ ಓದಿಗೆ ಪೈಲಟ್ ಮೆಡಿಕಲ್ ಬೇಕಿಲ್ಲ, ಹಾರಾಟದ ಖರ್ಚೂ ಇಲ್ಲ.

ಏರ್ ಟ್ರಾಫಿಕ್ ಕಂಟ್ರೋಲ್ ಪದವಿಯ ಬಗ್ಗೆ ಮಾತ್ರ ಹುಷಾರಾಗಿರಿ. ಅಮೆರಿಕದಲ್ಲಿ ಎಫ್‌ಎಎ ಕಂಟ್ರೋಲರ್ ಕೆಲಸಕ್ಕೆ ಅಲ್ಲಿನ ಪ್ರಜೆಯೇ ಆಗಿರಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಆಳು ತೆಗೆದುಕೊಳ್ಳುವುದು ಏರ್‌ಪೋರ್ಟ್ಸ್ ಅಥಾರಿಟಿ. ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಮಾಡಿ ಅವರ ಪರೀಕ್ಷೆ ಬರೆಯಬೇಕು. ಅದಕ್ಕೆ ಹಾಸನದ ಕಾಲೇಜಿನ ಬಿಎಸ್ಸಿಯೇ ಸಾಕಲ್ವಾ? ಅಷ್ಟು ದೂರ ಹೋಗಿ ಆ ಖರ್ಚು ಮಾಡಬೇಡಿ.

ಇನ್ನು ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಹಾರಾಟ ಸೇರಿರುವ ಪದವಿಯ ಬಗ್ಗೆ. ತಪ್ಪು ಹೆಜ್ಜೆಗೆ ಜಾಸ್ತಿ ಬೆಲೆ ತೆರಬೇಕಾದ ಜಾಗ ಅದೇ.

ಎರಡನೇ ಹೆಜ್ಜೆ: ಒಂದು ರೂಪಾಯಿ ಕಟ್ಟುವ ಮೊದಲು ಮೆಡಿಕಲ್

ಇದನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ. ಅರ್ಜಿ ಶುಲ್ಕ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಏಜೆಂಟ್ ಫೀಸು ಎಲ್ಲಕ್ಕಿಂತ ಮೊದಲು ಮೆಡಿಕಲ್.

ಶುರು ಮಾಡುವುದು ಸುಲಭ. ಊರಿನಲ್ಲೇ ಯಾರಾದರೂ ಒಳ್ಳೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಇಶಿಹಾರಾ ಪುಸ್ತಕ ಅಂತಾರೆ, ಬಣ್ಣದ ಚುಕ್ಕೆಗಳ ಮಧ್ಯೆ ಅಂಕಿ ಓದಬೇಕು. ಕೆಂಪು ಹಸಿರು ಗೊಂದಲವಾಗುವ ಕಣ್ಣು ಹುಡುಗರಲ್ಲಿ ಜಾಸ್ತಿ. ಎಷ್ಟೋ ಜನರಿಗೆ ಪಿಯುಸಿವರೆಗೂ ಅದು ಗೊತ್ತೇ ಇರುವುದಿಲ್ಲ. ಹತ್ತು ನಿಮಿಷದ ಈ ಪರೀಕ್ಷೆ ಮುಂದಿನ ದೊಡ್ಡ ನೋವನ್ನು ತಪ್ಪಿಸಬಹುದು. ಕನ್ನಡಕ ಹಾಕುವವರು ಪೈಲಟ್ ಆಗೋಕೆ ಆಗಲ್ಲ ಅನ್ನೋದು ಸುಳ್ಳು. ಕನ್ನಡಕ ಹಾಕಿದಾಗ ನಿಯಮದಲ್ಲಿ ಹೇಳಿದಷ್ಟು ಕಣ್ಣು ಕಾಣಬೇಕು, ಅಷ್ಟೇ.

ಆಮೇಲೆ ಡಿಜಿಸಿಎಯ ಕ್ಲಾಸ್ 2 ಮೆಡಿಕಲ್. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಮಾಡಿಸಬೇಕು, ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಅರ್ಜಿಯೆಲ್ಲ ಡಿಜಿಸಿಎಯದೇ ಇ-ಜಿಸಿಎ ಪೋರ್ಟಲ್ ಮೂಲಕ. ಅದಾದ ಮೇಲೆ ಕ್ಲಾಸ್ 1. ಏರ್‌ಲೈನ್ ಪೈಲಟ್‌ಗೆ ಬೇಕಾಗಿರುವುದು ಇದು. ಮೊದಲ ಸಲದ ಕ್ಲಾಸ್ 1 ತಪಾಸಣೆ ಮಾಡುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ: ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ. ಉಳಿದ ರಾಜ್ಯಗಳ ಮಕ್ಕಳು ಇಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ನಮಗೆ ಹಾಸನದಿಂದ ಬೆಳಗ್ಗೆ ಬಸ್ಸೋ ರೈಲೋ ಹತ್ತಿದರೆ ಆಯಿತು. ದಿನಾಂಕ ಸಿಗಲು ಕಾಯಬೇಕಾಗುತ್ತದೆ, ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ಅಲ್ಲಿ ಹೋದ ಮೇಲೆ ಆ ದೇಶದ ಮೆಡಿಕಲ್ ಹೇಗೂ ಮಾಡುತ್ತಾರಲ್ಲ, ಇಲ್ಲಿ ಯಾಕೆ ಅಂತ ಕೇಳುವವರಿದ್ದಾರೆ. ಎರಡೂ ಬೇರೆ ಇಲಾಖೆಗಳು. ಅಲ್ಲಿ ಪಾಸಾಗಿ, ನಾಲ್ಕು ವರ್ಷ ಓದಿ, ವಾಪಸ್ ಬಂದ ಮೇಲೆ ಇಲ್ಲಿ ಅನ್‌ಫಿಟ್ ಅಂದರೆ ಏನು ಮಾಡುತ್ತೀರಿ? ಇಲ್ಲಿ ಮೊದಲೇ ಫಿಟ್ ಅಂತ ಬಂದರೆ ಮನಸ್ಸಿಗೆ ನೆಮ್ಮದಿ, ಬ್ಯಾಂಕ್ ಮ್ಯಾನೇಜರಿಗೆ ತೋರಿಸಲೂ ಒಂದು ಕಾಗದ.

ಮೂರನೇ ಹೆಜ್ಜೆ: ಹೆಸರು ಮತ್ತು ಕಾಗದ ಸರಿಪಡಿಸಿಕೊಳ್ಳಿ

ನಮ್ಮ ಕಡೆಯ ಮಕ್ಕಳಿಗೆ ಅತಿ ಜಾಸ್ತಿ ತೊಂದರೆ ಕೊಡುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಚೇತನ್ ಎಚ್. ಆರ್." ಅಂತ ಇರುತ್ತದೆ. ಆಧಾರ್‌ನಲ್ಲಿ ಬರೀ "ಚೇತನ್". ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಸೇರಿ "ಚೇತನ್ ಹೊನ್ನಾವರ ರಂಗೇಗೌಡ" ಅಂತಲೋ ಏನೋ ಆಗಿರುತ್ತದೆ. ಮೂರು ಕಾಗದ, ಮೂರು ಹೆಸರು. ಡಿಜಿಸಿಎ ಹತ್ತನೇ ತರಗತಿಯ ಅಂಕಪಟ್ಟಿ ನೋಡುತ್ತದೆ. ವೀಸಾದವರು ಪಾಸ್‌ಪೋರ್ಟ್ ನೋಡುತ್ತಾರೆ. ವಿದೇಶಿ ಲೈಸೆನ್ಸ್ ಬರುವುದು ಪಾಸ್‌ಪೋರ್ಟಿನ ಹೆಸರಿನಲ್ಲಿ. ವಾಪಸ್ ಬಂದು ಬದಲಾವಣೆಗೆ ಅರ್ಜಿ ಹಾಕುವಾಗ ಇವೆಲ್ಲ ಒಂದೇ ಮನುಷ್ಯನವು ಅಂತ ಸಾಬೀತು ಮಾಡಲು ಅಫಿಡವಿಟ್ ಹಿಡಿದು ಅಲೆಯಬೇಕು.

ಇನ್ನೂ ಒಂದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ) ಅನ್ನುವ ಮೂರು ಅಕ್ಷರ ಬೀಳುತ್ತದೆ. ಅಲ್ಲಿನ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಖಾತೆ ಎಲ್ಲದರಲ್ಲೂ ಅದೇ ಮುಂದುವರಿದು ಕಾಟ ಕೊಡುತ್ತದೆ. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಸರ್‌ನೇಮ್ ಏನು ಅಂತ ಮನೆಯಲ್ಲಿ ಕೂತು ತೀರ್ಮಾನಿಸಿ. ಈಗಾಗಲೇ ಪಾಸ್‌ಪೋರ್ಟ್ ಇದ್ದರೆ ಅರ್ಜಿಗಳನ್ನು ಹಾಕುವ ಮೊದಲೇ ತಿದ್ದಿಸಿ.

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು ಅನ್ನುವುದು ಡಿಜಿಸಿಎ ಅನುಸರಿಸುತ್ತಾ ಬಂದ ನಿಯಮ. ಕಾಮರ್ಸ್, ಆರ್ಟ್ಸ್‌ನವರಿಗೂ ಅವಕಾಶ ಕೊಡುವ ಮಾತು 2025ರಲ್ಲಿ ನಡೆದಿದೆ. ಅದನ್ನು ನಂಬಿ ಕೂರುವುದಕ್ಕಿಂತ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆದು ಪಾಸ್ ಮಾಡಿಕೊಳ್ಳುವುದು ಒಳ್ಳೆಯದು. ವಿದೇಶದ ಎಷ್ಟೋ ವಿಶ್ವವಿದ್ಯಾಲಯಗಳು ಕಾಮರ್ಸ್ ವಿದ್ಯಾರ್ಥಿಗೂ ಸೀಟು ಕೊಡುತ್ತವೆ. ಸೀಟು ಸಿಕ್ಕಿತು ಅಂತ ಇಲ್ಲಿನ ನಿಯಮ ಮರೆಯಬೇಡಿ. ಅಂಕಪಟ್ಟಿಗಳನ್ನು ಡಿಜಿಲಾಕರ್‌ಗೂ ತಂದಿಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ದೇಶ ಆರಿಸುವಾಗ ಗಂಟೆಗಳನ್ನು ಲೆಕ್ಕ ಹಾಕಿ

ಕಾಲೇಜಿನ ಬ್ರೋಷರಿನಲ್ಲಿ ಹೊಳೆಯುವ ವಿಮಾನಗಳ ಫೋಟೋ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು ಗಂಟೆಗಳ ಲೆಕ್ಕ ಕೇಳಿ.

ಡಿಜಿಸಿಎಯ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಬೇಕಾದರೆ ಕನಿಷ್ಠ 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ (ಪಿಐಸಿ), ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್ ಆಗಿ ಹಾರಿಸಿರಬೇಕು. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಕ್ರಾಸ್ ಕಂಟ್ರಿ ಹಾರಾಟ 20 ಗಂಟೆ, ಅದರಲ್ಲೊಂದು 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ್ದು. ಅದೇ 200ರೊಳಗೆ ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಹೊರಗೆ ನೋಡದೆ ಉಪಕರಣ ನೋಡಿಕೊಂಡೇ ಹಾರಿಸುವುದು, 10 ಗಂಟೆ, ರಾತ್ರಿ ಹಾರಾಟ 5 ಗಂಟೆ.

ಈಗ ಆಚೆ ಕಡೆ ನೋಡಿ. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪಾರ್ಟ್ 141 ಅನ್ನುವ ನಿಯಮದಡಿ ಕಲಿಸುತ್ತವೆ. ಅದರಲ್ಲಿ 190 ಗಂಟೆಗೇ ಕಮರ್ಷಿಯಲ್ ಲೈಸೆನ್ಸ್ ಸಿಗಬಹುದು. ಅದರೊಳಗೂ ಸ್ವಲ್ಪ ಭಾಗ ಸಿಮ್ಯುಲೇಟರ್ ಇರಬಹುದು. ಆಸ್ಟ್ರೇಲಿಯಾದಲ್ಲಿ ಪಾಠ, ಹಾರಾಟ ಎರಡೂ ಒಟ್ಟಿಗೆ ಸಾಗುವ ಇಂಟಿಗ್ರೇಟೆಡ್ ಕೋರ್ಸ್ ಆದರೆ 150 ಗಂಟೆಗೇ ಸಿಪಿಎಲ್. ಕೆನಡಾದ ಕನಿಷ್ಠ 200 ಗಂಟೆ, 100 ಗಂಟೆ ಕಮಾಂಡ್. ಅದು ನಮ್ಮ ಲೆಕ್ಕಕ್ಕೆ ಹತ್ತಿರ. ಇವೆಲ್ಲ ಕನಿಷ್ಠ ಮಿತಿಗಳು, ಪದವಿ ಮುಗಿಸುವಷ್ಟರಲ್ಲಿ ಬಹಳ ವಿದ್ಯಾರ್ಥಿಗಳು ಇದಕ್ಕಿಂತ ಜಾಸ್ತಿ ಹಾರಿರುತ್ತಾರೆ. ಆದರೂ ಕಾಲೇಜಿಗೆ ಇಮೇಲ್ ಬರೆದು ನೇರವಾಗಿ ಕೇಳಿ: "ಪದವಿ ಮುಗಿಯುವಾಗ ಸಿಮ್ಯುಲೇಟರ್ ಬಿಟ್ಟು ನಿಜವಾದ ವಿಮಾನದಲ್ಲಿ ಎಷ್ಟು ಗಂಟೆ? ತರಬೇತುದಾರರಿಲ್ಲದೆ ಕಮಾಂಡ್‌ನಲ್ಲಿ ಎಷ್ಟು ಗಂಟೆ? ಭಾರತದ 200 ಮತ್ತು 100ಕ್ಕೆ ಕಡಿಮೆ ಬಿದ್ದರೆ ಹೆಚ್ಚಿನ ಗಂಟೆಗೆ ದರ ಎಷ್ಟು?" ಈ ಮೂರಕ್ಕೂ ಅಂಕಿ ಹಾಕಿ ಉತ್ತರ ಕೊಡುವ ಕಾಲೇಜನ್ನು ನಂಬಬಹುದು. "ಡೋಂಟ್ ವರಿ" ಅನ್ನುವವರನ್ನು ಬಿಡಿ.

ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಲೈಸೆನ್ಸ್ ಮೇಲೆ ಪಡೆಯುವ ಹೆಚ್ಚುವರಿ ಅರ್ಹತೆಗಳು) ಕೋರ್ಸಿನಲ್ಲಿ ಸೇರಿವೆಯೇ ಅಂತಲೂ ಕೇಳಿ. ಇಲ್ಲಿನ ಏರ್‌ಲೈನ್‌ಗಳು ಅವೆರಡನ್ನೂ ಕೇಳುತ್ತವೆ.

ಹೆಸರಾಂತ ಕಾಲೇಜುಗಳು ಎಲ್ಲರಿಗೂ ಗೊತ್ತಿರುವಂಥವೇ. ಅಮೆರಿಕದಲ್ಲಿ ಎಂಬ್ರಿ-ರಿಡಲ್, ಅದಕ್ಕೆ ಫ್ಲಾರಿಡಾದ ಡೇಟೋನಾ ಬೀಚ್ ಮತ್ತು ಅರಿಜೋನಾದ ಪ್ರೆಸ್ಕಾಟ್ ಎರಡು ಕಡೆ ಕ್ಯಾಂಪಸ್. ಇಂಡಿಯಾನಾದ ಪರ್ಡ್ಯೂ, ಗ್ರ್ಯಾಂಡ್ ಫೋರ್ಕ್ಸ್‌ನ ನಾರ್ತ್ ಡಕೋಟಾ ವಿಶ್ವವಿದ್ಯಾಲಯ. ಆಸ್ಟ್ರೇಲಿಯಾದಲ್ಲಿ ಸಿಡ್ನಿಯ ಯುಎನ್‌ಎಸ್‌ಡಬ್ಲ್ಯೂ, ಮೆಲ್ಬರ್ನ್‌ನ ಸ್ವಿನ್‌ಬರ್ನ್, ಬ್ರಿಸ್ಬೇನ್‌ನ ಗ್ರಿಫಿತ್. ನ್ಯೂಜಿಲೆಂಡಿನ ಪಾಮರ್‌ಸ್ಟನ್ ನಾರ್ತ್‌ನಲ್ಲಿ ಮ್ಯಾಸಿ. ಕೆನಡಾದಲ್ಲಿ ವಾಟರ್ಲೂ. ಬ್ರಿಟನ್‌ನಲ್ಲಿ ಎಷ್ಟೋ ಪದವಿಗಳು ಪಾಠಕ್ಕೆ ಸೀಮಿತ, ಹಾರಾಟದ ತರಬೇತಿ ಬೇರೆ ಶಾಲೆಯಲ್ಲಿ, ಬೇರೆ ದುಡ್ಡಿನಲ್ಲಿ. ಅಲ್ಲಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಲಿ: 2020ರ ಕೊನೆಗೆ ಬ್ರಿಟನ್ ಯುರೋಪಿನ ವಿಮಾನಯಾನ ವ್ಯವಸ್ಥೆಯಿಂದ ಹೊರಬಂದಿದೆ. ಈಗ ಬ್ರಿಟನ್ ಲೈಸೆನ್ಸ್ ಬೇರೆ, ಯುರೋಪಿನ ಈಸಾ ಲೈಸೆನ್ಸ್ ಬೇರೆ.

ಹವಾಮಾನವನ್ನೂ ನೋಡಿ. ಆಗುಂಬೆ, ಮೂಡಿಗೆರೆ ಮಳೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ, ನಾರ್ತ್ ಡಕೋಟಾದಲ್ಲಿ ಚಳಿಗಾಲಕ್ಕೆ ಮೈನಸ್ 20 ಡಿಗ್ರಿಗಿಂತ ಕೆಳಗೆ. ಅರಿಜೋನಾದಲ್ಲಿ ಬಹುಪಾಲು ದಿನ ಬಿಸಿಲು. ಹಾರಾಟ ರದ್ದಾದಷ್ಟೂ ಕೋರ್ಸು ಎಳೆಯುತ್ತದೆ, ಬಾಡಿಗೆ, ಊಟದ ಖರ್ಚು ಏರುತ್ತದೆ. ಕೆಟ್ಟ ಹವೆಯಲ್ಲಿ ಕಲಿತವರು ಗಟ್ಟಿಯಾಗುತ್ತಾರೆ ಅನ್ನುವುದೂ ನಿಜ. ಸಾಲ ಮಾಡಿ ಹೋಗುವವರು ಬಿಸಿಲಿರುವ ಊರನ್ನೇ ಆರಿಸಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ.

ಐದನೇ ಹೆಜ್ಜೆ: ಕಾಲೇಜು ನಿಜವೇ ಅಂತ ನೀವೇ ನೋಡಿ, ಆಮೇಲೆ ಅರ್ಜಿ

ಏಜೆಂಟರಲ್ಲಿ ಒಳ್ಳೆಯವರಿದ್ದಾರೆ. ಆದರೆ ಬಹಳ ಕಡೆ ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ. ಅವರು ತೋರಿಸುವ ಪಟ್ಟಿಯಲ್ಲಿ ಕಮಿಷನ್ ಕೊಡುವ ಕಾಲೇಜುಗಳೇ ಮುಂದೆ ಇರುತ್ತವೆ. ಸರ್ಕಾರಿ ಪಟ್ಟಿಯನ್ನು ನೀವೇ ನೋಡಬಹುದು, ದುಡ್ಡೇನೂ ಇಲ್ಲ. ಅಮೆರಿಕಕ್ಕೆ ಎಸ್‌ಇವಿಪಿ ಪಟ್ಟಿ, ಆಸ್ಟ್ರೇಲಿಯಾಕ್ಕೆ ಕ್ರಿಕೋಸ್, ಕೆನಡಾಕ್ಕೆ ಡಿಎಲ್‌ಐ ಪಟ್ಟಿ, ಬ್ರಿಟನ್‌ಗೆ ಸ್ಟೂಡೆಂಟ್ ಸ್ಪಾನ್ಸರ್‌ಗಳ ಪಟ್ಟಿ. ಅಲ್ಲಿ ಹೆಸರಿಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಹಲವು ಕಡೆ ಪಾಠ ವಿಶ್ವವಿದ್ಯಾಲಯದ್ದು, ಹಾರಾಟ ಬೇರೊಂದು ಫ್ಲೈಯಿಂಗ್ ಶಾಲೆಯದ್ದು. ಆ ಶಾಲೆಯ ಹೆಸರು, ಅದರ ಬಳಿ ಎಷ್ಟು ವಿಮಾನ, ಎಷ್ಟು ತರಬೇತುದಾರರು, ಶಾಲೆ ಮುಚ್ಚಿದರೆ ನಿಮ್ಮ ದುಡ್ಡಿನ ಗತಿ ಏನು ಅಂತ ಬರಹದಲ್ಲಿ ಕೇಳಿ. ಹಾರಾಟದ ಪೂರ್ತಿ ಹಣ ಒಂದೇ ಸಲ ಕಟ್ಟಿ ಅಂದರೆ ಒಪ್ಪಬೇಡಿ. ಹಂತ ಹಂತವಾಗಿ ಕಟ್ಟುವ ವ್ಯವಸ್ಥೆ ಕೇಳಿ.

ಕ್ಯಾಲೆಂಡರ್ ಹೀಗೆ. ಅಮೆರಿಕದಲ್ಲಿ ತರಗತಿ ಆಗಸ್ಟ್‌ನಲ್ಲಿ ಶುರು. ಅರ್ಜಿ ಅದಕ್ಕೂ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು, ಅಂದರೆ ನೀವು ಎರಡನೇ ಪಿಯುಸಿ ಅರ್ಧದಲ್ಲಿರುವಾಗ. ಹತ್ತನೇ ತರಗತಿ ಮತ್ತು ಮೊದಲ ಪಿಯುಸಿ ಅಂಕಗಳ ಮೇಲೆ ಷರತ್ತಿನ ಸೀಟು ಕೊಡುತ್ತಾರೆ. ನಮ್ಮ ಪಿಯುಸಿ ಫಲಿತಾಂಶ ಬಂದ ಮೇಲೆ ವೀಸಾಕ್ಕೆ ಉಳಿಯುವುದು ಕೆಲವೇ ತಿಂಗಳು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಶೈಕ್ಷಣಿಕ ವರ್ಷ ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ. ಫಲಿತಾಂಶ ಕೈಗೆ ಬಂದ ಮೇಲೆ ಮೆಡಿಕಲ್, ಸಾಲ, ವೀಸಾ ಎಲ್ಲಕ್ಕೂ ಸಮಯ ಸಿಗುತ್ತದೆ. ನಮ್ಮ ರಾಜ್ಯದ ವೇಳಾಪಟ್ಟಿಗೆ ಅದು ಚೆನ್ನಾಗಿ ಹೊಂದುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಬೇಡಿ, ಉದಾಸೀನವೂ ಬೇಡ. ಬಹಳ ಕಡೆ ಐಇಎಲ್‌ಟಿಎಸ್ 6ರಿಂದ 6.5 ಕೇಳುತ್ತಾರೆ. ಅದು ಸೀಟಿಗೆ. ಪೈಲಟ್ ಆಗಲು ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಗ್ಲಿಷ್ ಲೆವೆಲ್ 4 ಬೇಕು, ಅಲ್ಲಿ ನೋಡುವುದು ರೇಡಿಯೋದಲ್ಲಿ ಕೇಳಿ ಅರ್ಥ ಮಾಡಿಕೊಂಡು ಥಟ್ಟನೆ ಉತ್ತರಿಸುವ ಶಕ್ತಿ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ವ್ಯಾಕರಣಕ್ಕಿಂತ ಕಿವಿ ತಯಾರಾಗಬೇಕು. ಕಂಟ್ರೋಲ್ ಟವರ್ ಮತ್ತು ಪೈಲಟ್ ಮಾತುಕತೆಯ ಧ್ವನಿಮುದ್ರಣಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ದಿನಾ ಅರ್ಧ ಗಂಟೆ ಕೇಳಿ, ಕೇಳಿದ್ದನ್ನು ಬಾಯಿಬಿಟ್ಟು ವಾಪಸ್ ಹೇಳಿ.

ಆರನೇ ಹೆಜ್ಜೆ: ದುಡ್ಡು

ಕಾಲೇಜು ಕಳಿಸುವ ಫೀಸ್ ಪಟ್ಟಿಯನ್ನು ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕೂತು ಓದಿ. ಮೇಲೆ ದೊಡ್ಡ ಅಕ್ಷರದಲ್ಲಿರುವುದು ಟ್ಯೂಷನ್ ಫೀಸು. ಅದರಲ್ಲಿ ಹಾರಾಟ ಇರುವುದಿಲ್ಲ. ಕೆಳಗೆ ಎಲ್ಲೋ "ಫ್ಲೈಟ್ ಫೀ" ಅಂತ ಬೇರೆ ಸಾಲು. ಅದರ ಪಕ್ಕ ಒಂದು ಚುಕ್ಕಿ ಗುರುತು ಇದ್ದರೆ ಪುಟದ ಕೊನೆಗೆ ಹೋಗಿ ನೋಡಿ: "ಕನಿಷ್ಠ ಗಂಟೆಗಳ ಅಂದಾಜು" ಅಂತ ಬರೆದಿರುತ್ತಾರೆ. ಕನಿಷ್ಠ ಗಂಟೆಯಲ್ಲಿ ಮುಗಿಸುವವರು ಕಮ್ಮಿ. ಆ ಸಾಲಿಗೆ ಕಾಲು ಭಾಗವಾದರೂ ಸೇರಿಸಿ ಲೆಕ್ಕ ಹಾಕಿ. ಪಟ್ಟಿಯಲ್ಲೇ ಇಲ್ಲದ ಸಾಲುಗಳೂ ಇವೆ: ಪ್ರತಿ ಲೈಸೆನ್ಸ್ ಪರೀಕ್ಷೆಗೂ ಪರೀಕ್ಷಕರಿಗೆ ಕೊಡುವ ಶುಲ್ಕ, ಫೇಲಾದರೆ ಮತ್ತೊಮ್ಮೆ ಅದೇ ಶುಲ್ಕ, ಹೆಡ್‌ಸೆಟ್, ಆರೋಗ್ಯ ವಿಮೆ. ವಾಪಸ್ ಬಂದ ಮೇಲೆ ಲೈಸೆನ್ಸ್ ಬದಲಾವಣೆ, ಅದಾದ ಮೇಲೆ ಏರ್‌ಬಸ್ ಅಥವಾ ಬೋಯಿಂಗ್ ವಿಮಾನದ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ. ಟೈಪ್ ರೇಟಿಂಗ್ ಒಂದಕ್ಕೇ ಹತ್ತು ಲಕ್ಷದ ಮೇಲೆ ಹೋಗುತ್ತದೆ. ಅದನ್ನು ಇವತ್ತಿನ ಲೆಕ್ಕದಲ್ಲೇ ಬರೆದುಕೊಳ್ಳಿ.

ನಮ್ಮ ಎರಡು ಜಿಲ್ಲೆಗಳ ನಿಜವಾದ ಕಷ್ಟ ಆದಾಯ ತೋರಿಸುವುದರಲ್ಲಿದೆ. ಕಾಫಿ, ಮೆಣಸು, ಅಡಿಕೆ, ತೆಂಗಿನ ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಸಂಬಳದ ಚೀಟಿ ಇರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಬ್ಯಾಂಕಿನವರಿಗೂ ವೀಸಾ ಅಧಿಕಾರಿಗೂ ಇದು ಅರ್ಥವಾಗುವಂತೆ ಕಟ್ಟಿಕೊಡಬೇಕು. ಮಗ ಮೊದಲ ಪಿಯುಸಿಯಲ್ಲಿರುವಾಗಲೇ ಶುರು ಮಾಡಿ. ರಿಟರ್ನ್ಸ್ ಹಾಕಿ, ಕೃಷಿ ಆದಾಯವನ್ನು ಅದರಲ್ಲಿ ತೋರಿಸಿ. ಕಾಫಿಯನ್ನು ವ್ಯಾಪಾರಿಗೋ ಕ್ಯೂರಿಂಗ್ ವರ್ಕ್ಸ್‌ಗೋ ಕೊಟ್ಟಾಗ ಬಿಲ್ಲು ತೆಗೆದುಕೊಳ್ಳಿ, ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. ಚೆರ್ರಿ ಎಷ್ಟು, ಪಾರ್ಚ್‌ಮೆಂಟ್ ಎಷ್ಟು, ದರ ಎಷ್ಟು ಅಂತ ಬಿಲ್ಲಿನಲ್ಲಿದ್ದರೆ ಪಹಣಿಯ ಎಕರೆಗೂ ಖಾತೆಯ ಹಣಕ್ಕೂ ತಾಳೆಯಾಗುತ್ತದೆ. ಅರ್ಜಿಗೆ ಮುಂಚೆ ನೆಂಟರಿಂದ ತಂದು ಒಂದೇ ಸಲ ಲಕ್ಷಾಂತರ ಹಾಕಿದರೆ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಬ್ರಿಟನ್‌ಗೆ ಹೋಗುವುದಾದರೆ ತೋರಿಸಬೇಕಾದ ಹಣ ಸತತ 28 ದಿನ ಖಾತೆಯಲ್ಲಿ ಇರಲೇಬೇಕು.

ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಿಂದ ಒಂದಕ್ಕಿಂತ ಹೆಚ್ಚು ಬ್ಯಾಂಕಿಗೆ ಅರ್ಜಿ ಹಾಕಬಹುದು. ದೊಡ್ಡ ಸಾಲಕ್ಕೆ ಅಡಮಾನ ಕೇಳುತ್ತಾರೆ. ಕೃಷಿ ಜಮೀನನ್ನು ಅಡಮಾನಕ್ಕೆ ತೆಗೆದುಕೊಳ್ಳಲು ಬಹಳ ಬ್ಯಾಂಕುಗಳು ಒಪ್ಪುವುದಿಲ್ಲ, ಸಾಲ ತೀರದಿದ್ದರೆ ಅದನ್ನು ಸಾಲ ವಸೂಲಿಯ ಸರ್ಫೇಸಿ ಕಾನೂನಿನಡಿ ವಶಪಡಿಸಿಕೊಳ್ಳಲು ಅವರಿಗೆ ಆಗದು. ಟೌನಿನಲ್ಲಿ ಖಾತಾ ಸರಿಯಿರುವ ಮನೆ, ಸೈಟು, ಅಥವಾ ಎಫ್‌ಡಿ ಇದ್ದರೆ ಕೆಲಸ ಸುಲಭ. ಸಾಲ ಟ್ಯೂಷನ್‌ಗೆ ಮಾತ್ರವೋ, ಹಾರಾಟದ ಫೀಸಿಗೂ ಸೇರಿಯೋ ಅಂತ ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಬ್ಯಾಂಕ್ ಸಾಲದಿಂದ ಫೀಸು ಕಳಿಸಿದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ, ಇಲ್ಲ. ಸ್ವಂತ ಹಣ ವರ್ಷಕ್ಕೆ 10 ಲಕ್ಷ ದಾಟಿದರೆ ಟಿಸಿಎಸ್ ಹಿಡಿಯುತ್ತಾರೆ, ರಿಟರ್ನ್ಸ್ ಹಾಕಿ ಅದನ್ನು ಹೊಂದಿಸಿಕೊಳ್ಳಬಹುದು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ವಿದೇಶಿ ವ್ಯಾಸಂಗ ಯೋಜನೆಯ ಆ ವರ್ಷದ ನಿಯಮಗಳನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಲಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಇರುವ ತೋಟ ಪೂರ್ತಿ ಮಾರಿ ಕಳಿಸಬೇಡಿ. ಏರ್‌ಲೈನ್‌ಗಳು ಒಂದು ವರ್ಷ ನೂರಾರು ಜನರನ್ನು ತೆಗೆದುಕೊಳ್ಳುತ್ತವೆ, ಇನ್ನೊಂದು ವರ್ಷ ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ಲೈಸೆನ್ಸ್ ಇದ್ದ ಎಷ್ಟೋ ಮಕ್ಕಳು ಮನೆಯಲ್ಲಿ ಕೂತರು. ಅಂಥ ಎರಡು ವರ್ಷ ಕಂತು ಕಟ್ಟುವ ಶಕ್ತಿ ಮನೆಗೆ ಉಳಿದಿರಬೇಕು.

ಏಳನೇ ಹೆಜ್ಜೆ: ವೀಸಾ

ಅಮೆರಿಕದ ಪದವಿಗೆ ಎಫ್-1 ವೀಸಾ. ಬರೀ ಫ್ಲೈಯಿಂಗ್ ಶಾಲೆಗಾದರೆ ಸಾಮಾನ್ಯವಾಗಿ ಎಂ-1. ಎಫ್-1ನಲ್ಲಿ ಪದವಿಯ ನಂತರ 12 ತಿಂಗಳು ಒಪಿಟಿ ಅನ್ನುವ ಅನುಮತಿಯ ಮೇಲೆ ಕೆಲಸ ಮಾಡಬಹುದು, ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಪಡೆದವರು ಆಗ ಕಲಿಸುತ್ತಾ ಗಂಟೆ ಕೂಡಿಸುತ್ತಾರೆ. ಪದವಿಯ ದೊಡ್ಡ ಲಾಭಗಳಲ್ಲಿ ಇದೊಂದು. ಕಾಲೇಜಿನಿಂದ ಐ-20 ಅನ್ನುವ ಪ್ರವೇಶದ ಕಾಗದ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಕಟ್ಟಿ, ಡಿಎಸ್-160 ಅನ್ನುವ ವೀಸಾ ಅರ್ಜಿ ತುಂಬಿ, ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದ್‌ಗೆ ಹೋಗಬೇಕು. 2025ರಿಂದ ವಿದ್ಯಾರ್ಥಿಗಳ ಸೋಷಿಯಲ್ ಮೀಡಿಯಾ ಖಾತೆಗಳನ್ನು ಸಾರ್ವಜನಿಕವಾಗಿ ಇಡಲು ಹೇಳುತ್ತಿದ್ದಾರೆ. ವೀಸಾ ಸಿಕ್ಕಿದರೂ ವಿಮಾನದ ತರಬೇತಿ ಶುರು ಮಾಡಲು ಅಲ್ಲಿನ ಸಾರಿಗೆ ಭದ್ರತಾ ಇಲಾಖೆ ಟಿಎಸ್‌ಎಯಿಂದ ಭದ್ರತಾ ಅನುಮತಿ ಬೇರೆ ಬೇಕು. ಸೀಟು ಖಚಿತವಾದ ಕೂಡಲೇ ಅದಕ್ಕೆ ಅರ್ಜಿ ಹಾಕಿ.

ಆಸ್ಟ್ರೇಲಿಯಾಕ್ಕೆ ಸಬ್‌ಕ್ಲಾಸ್ 500. 2025ರ ಜುಲೈನಿಂದ ಅದರ ಶುಲ್ಕ 2,000 ಆಸ್ಟ್ರೇಲಿಯನ್ ಡಾಲರ್, ವೀಸಾ ಸಿಗದಿದ್ದರೆ ಸಾಮಾನ್ಯವಾಗಿ ಅದು ವಾಪಸ್ ಬರುವುದಿಲ್ಲ. ಕೆನಡಾಕ್ಕೆ ಸೀಟಿನ ಪತ್ರದ ಜೊತೆ ಅಲ್ಲಿನ ಪ್ರಾಂತ್ಯದ ಅನುಮತಿ ಪತ್ರವೂ ಬೇಕು.

ಸಂದರ್ಶನದಲ್ಲಿ "ಭಾರತದಲ್ಲೇ ಕಲಿಯಬಹುದಲ್ಲ?" ಅಂತ ಕೇಳಬಹುದು. ಜಕ್ಕೂರಿನಲ್ಲೂ, ರಾಯಬರೇಲಿ ಹತ್ತಿರದ ಸರ್ಕಾರಿ ಅಕಾಡೆಮಿ ಇಗ್ರುವಾದಲ್ಲೂ ಪೈಲಟ್ ತರಬೇತಿ ಇದೆ, ಅದು ಅಧಿಕಾರಿಗೂ ಗೊತ್ತು. ಉತ್ತರ ನಿಮ್ಮದೇ ಆಗಿರಲಿ. ಬಾಯಿಪಾಠ ಮಾಡಿದ ಉತ್ತರ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಎಂಟನೇ ಹೆಜ್ಜೆ: ಅಲ್ಲಿರುವಾಗ ಲಾಗ್‌ಬುಕ್

ಅಡುಗೆ, ಬಟ್ಟೆ, ಕನ್ನಡ ಕೂಟ ಇವೆಲ್ಲ ಹೇಗೋ ಆಗುತ್ತದೆ. ಲಾಗ್‌ಬುಕ್ ಮಾತ್ರ ಮೊದಲ ದಿನದಿಂದ ಸರಿಯಾಗಿ ಬರೆಯಬೇಕು. ಒಂದು ಪುಟ ತೆರೆದರೆ ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಆಮೇಲೆ ಡ್ಯುಯಲ್ (ತರಬೇತುದಾರರ ಜೊತೆ ಹಾರಿದ್ದು), ಪಿಐಸಿ, ರಾತ್ರಿ, ಇನ್‌ಸ್ಟ್ರುಮೆಂಟ್, ಸಿಮ್ಯುಲೇಟರ್ ಅಂತ ಕಾಲಂಗಳು. ಅಮೆರಿಕದ ನಿಯಮದಲ್ಲಿ ಲೈಸೆನ್ಸ್ ಇರುವವನು ತರಬೇತುದಾರ ಪಕ್ಕದಲ್ಲಿದ್ದರೂ ತಾನೇ ಹಾರಿಸಿದ ಸಮಯವನ್ನು ಪಿಐಸಿ ಕಾಲಂನಲ್ಲಿ ಬರೆಯಬಹುದು. ನಮ್ಮಲ್ಲಿ ಅದೇ ಸಮಯ ಡ್ಯುಯಲ್. ಕೊನೆಗೆ ಕೂಡಿಸಿದಾಗ 130 ಅಂತ ಕಂಡ ಪಿಐಸಿ ಡಿಜಿಸಿಎ ಲೆಕ್ಕದಲ್ಲಿ 100ಕ್ಕಿಂತ ಕೆಳಗೆ ಇಳಿಯಬಹುದು. ಹಾಗಾಗಿ ಒಬ್ಬರೇ ಹಾರಿಸಿದ ಗಂಟೆಗೆ ಒಂದು ಕಾಲಂ ಬೇರೆ ಇಡಿ, ಪ್ರತಿ ಪುಟದ ಕೊನೆಗೆ ಮೊತ್ತ ಬರೆಯಿರಿ, ಸಹಿ ಮಾಡಿಸಿ, ಆವತ್ತೇ ಫೋಟೋ ತೆಗೆದು ಮನೆಗೆ ಕಳಿಸಿ.

ಮೈ ಹುಷಾರಿಲ್ಲದೆ, ನಿದ್ದೆ ಇಲ್ಲದೆ ಹಾರಲು ಹೋಗಬೇಡಿ. ದುಡ್ಡು ಹಾಳಾಗುತ್ತೆ ಅಂತ ಮನೆಯವರೂ ಒತ್ತಾಯ ಮಾಡಬೇಡಿ. ರದ್ದಾದ ಒಂದು ಪಾಠವನ್ನು ಇನ್ನೊಂದು ದಿನ ಕಲಿಯಬಹುದು.

ಕೊನೆಯ ಹೆಜ್ಜೆ: ವಾಪಸ್ ಬರುವ ಮುಂಚೆ

ಊರಿಗೆ ಟಿಕೆಟ್ ಬುಕ್ ಮಾಡುವ ಮೊದಲು ಕ್ಯಾಂಪಸ್‌ನಲ್ಲಿ ಇರುವಾಗಲೇ ಕಾಗದಗಳನ್ನು ಕೂಡಿಸಿಕೊಳ್ಳಿ. ಶಾಲೆಯ ಮುಖ್ಯ ತರಬೇತುದಾರರ ಸಹಿ ಮತ್ತು ಮೊಹರು ಇರುವ ಹಾರಾಟದ ವಿವರ, ಪಾಸಾದ ಪರೀಕ್ಷೆಗಳ ವರದಿ, ಲೈಸೆನ್ಸ್‌ನ ಎರಡೂ ಬದಿಯ ಪ್ರತಿ, ಅಲ್ಲಿನ ಮೆಡಿಕಲ್, ಪದವಿ ಪತ್ರ ಮತ್ತು ಎಲ್ಲ ಸೆಮಿಸ್ಟರಿನ ಅಂಕಪಟ್ಟಿ. ಡಿಜಿಸಿಎ ನಿಮ್ಮ ಲೈಸೆನ್ಸ್ ನಿಜವೇ ಅಂತ ಆ ದೇಶದ ಇಲಾಖೆಯಿಂದ ಖಚಿತಪಡಿಸಿಕೊಳ್ಳುತ್ತದೆ. ಆ ಉತ್ತರ ಬರಲು ಸಮಯ ಹಿಡಿಯುತ್ತದೆ, ಅದಕ್ಕೆ ಬೇಕಾದ ಅರ್ಜಿಯನ್ನು ಅಲ್ಲಿಂದಲೇ ಹಾಕಿ ಬನ್ನಿ.

ಇಲ್ಲಿ ಬರೆಯಬೇಕಾದ ಪರೀಕ್ಷೆಗಳು ಏರ್ ನ್ಯಾವಿಗೇಷನ್, ಮೀಟಿಯಾರಾಲಜಿ ಮತ್ತು ಏರ್ ರೆಗ್ಯುಲೇಷನ್ಸ್. ವಿದೇಶಿ ಲೈಸೆನ್ಸ್ ಇರುವವರಿಗೆ ಮೊದಲೆರಡು ಸೇರಿಸಿ ಒಂದೇ ಪತ್ರಿಕೆ. ಪಾಸಾಗಲು ನೂರಕ್ಕೆ 70 ಅಂಕ ಬೇಕು. ಪದವಿಯ ಮೂರನೇ ವರ್ಷದ ರಜೆಯಲ್ಲಿ ಊರಿಗೆ ಬಂದಾಗಲೇ ಓದು ಶುರು ಮಾಡಿದರೆ ಆಮೇಲೆ ಅವಸರ ಇರುವುದಿಲ್ಲ. ರೇಡಿಯೋ ಬಳಕೆಗೆ ಆರ್‌ಟಿಆರ್ ಪರೀಕ್ಷೆ ಬೇರೆ. ಇದನ್ನು ಮೊದಲು ಸಂಪರ್ಕ ಸಚಿವಾಲಯ ನಡೆಸುತ್ತಿತ್ತು, 2025ರ ಜನವರಿಯಲ್ಲಿ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ಕೊಟ್ಟಿದೆ.

ಕ್ಲಾಸ್ 1 ಮೆಡಿಕಲ್ ಚಾಲ್ತಿಯಲ್ಲಿ ಇರಬೇಕು. ಇತ್ತೀಚಿನ ಹಾರಾಟದ ಅನುಭವವನ್ನೂ ನೋಡುತ್ತಾರೆ. ವಾಪಸ್ ಬಂದು ವರ್ಷಗಟ್ಟಲೆ ಸುಮ್ನೆ ಕೂತರೆ ಇಲ್ಲಿನ ಫ್ಲೈಯಿಂಗ್ ಶಾಲೆಯಲ್ಲಿ ಮತ್ತೆ ಗಂಟೆ ಹಾರಿಸಿ, ಪರೀಕ್ಷೆ ಕೊಡಬೇಕಾಗುತ್ತದೆ. ಮುಂದೆ ಎಂಬಿಎ ಓದುವುದೋ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವುದೋ ಮನಸ್ಸಿನಲ್ಲಿದ್ದರೆ ಪದವಿಗೆ ಇಲ್ಲಿ ತತ್ಸಮಾನ ಪ್ರಮಾಣಪತ್ರ ಬೇಕಾಗುತ್ತದೆ. ಅದರ ಅರ್ಜಿಗೆ ಸೆಮಿಸ್ಟರ್‌ವಾರು ಅಂಕಪಟ್ಟಿ ಮತ್ತು ಪಾಸ್‌ಪೋರ್ಟಿನ ವೀಸಾ ಪುಟಗಳು ಕೆಲಸಕ್ಕೆ ಬರುತ್ತವೆ. ಹಳೆಯ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೂ ಜೋಪಾನವಾಗಿ ಇಟ್ಟುಕೊಳ್ಳಿ.